ಕೆಂಪು ಬಾಳೆ, ನೀಲಿ ಬೆಳಕು ಮತ್ತು ನಮ್ಮ ಗೈಡು

ಕಮಲಾಪುರದ ಕೆಂಪು ಬಾಳೆಯ ಸಿಪ್ಪೆಯಲ್ಲಿ ಕ್ಯಾನ್ಸರಿಗೆ ಮದ್ದು ಸಿಕ್ಕಿದೆ ಎಂದು ನಾನು ಯಾರಿಗೂ ಹೇಳಿಲ್ಲ. ಹೇಳಿದವನು ನಮ್ಮ ಸೋದರಮಾವ. ಅಲ್ಲಿ ಅವನದು ಬಾಳೆತೋಟ. ಜಿಐ ಟ್ಯಾಗ್ ಸಿಕ್ಕ ಹಣ್ಣು ಎಂಬ ಬಿಂಕ ಬೇರೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ 'ನಮ್ಮ ಹುಡುಗಿ ಕಲಬುರಗ್ಯಾಗ ಔಷಧ ಕಂಡು ಹಿಡದಾಳ' ಎಂದು ಸಾರಿದ. ಈಗ ಊರಿಗೆ ಹೋದರೆ 'ಯಾಕವಾ, ಆ ಔಷಧ ಏನಾತು?' ಎಂದು ಕೇಳುತ್ತಾರೆ. ಅವರಿಗೂ, ಇದೇ ದಾರಿ ಹಿಡಿದಿರುವ ಸಂಶೋಧನಾ ವಿದ್ಯಾರ್ಥಿಗಳಿಗೂ ಇದು ಉತ್ತರ.

ಎನ್‌ಪಿಪಿ-1 ಎಂಬ ಕಿಣ್ವ ಎಟಿಪಿ ಎಂಬ ಅಣುವನ್ನು ಎಎಂಪಿ ಮತ್ತು ಪೈರೋಫಾಸ್ಫೇಟ್ ಆಗಿ ಕತ್ತರಿಸುತ್ತದೆ. ಗಡ್ಡೆಯ ಸುತ್ತ ರೋಗನಿರೋಧಕ ಕೋಶಗಳನ್ನು ಎಬ್ಬಿಸುವ ಸಿಜಿಎಎಂಪಿ ಎಂಬ ಅಣುವನ್ನೂ ಕಡಿದುಹಾಕುತ್ತದೆ. ಅದಕ್ಕೇ ಜಗತ್ತಿನ ಎಷ್ಟೋ ಲ್ಯಾಬುಗಳು ಈ ಕಿಣ್ವವನ್ನು ತಡೆಯುವ ವಸ್ತುವಿಗಾಗಿ ಹುಡುಕುತ್ತಿವೆ. ನಾವು ಕೆಂಪು ಬಾಳೆಯ ಸಿಪ್ಪೆಯಲ್ಲಿ ಹುಡುಕಿದೆವು. ಮನುಷ್ಯರ ಕಿಣ್ವ ಕೊಳ್ಳುವ ಶಕ್ತಿ ನಮ್ಮ ಲ್ಯಾಬಿಗಿರಲಿಲ್ಲ. ಎಟಿಪಿಯನ್ನು ಅದೇ ರೀತಿ ಕತ್ತರಿಸುವ, ಹಾವಿನ ವಿಷದ ಫಾಸ್ಫೋಡೈಎಸ್ಟರೇಸ್ ತರಿಸಿದೆವು. ಆ ಪಾರ್ಸೆಲ್ಲು ಮೇ ತಿಂಗಳ ಬಿಸಿಲಲ್ಲಿ, ಐಸ್ ಪ್ಯಾಕ್ ಕರಗಿ, ಆಫೀಸಿನ ಕಪಾಟಿನ ಮೇಲೆ ಶನಿವಾರ, ಭಾನುವಾರ ಎರಡೂ ದಿನ ಕೂತಿತ್ತು. ಗುಮಾಸ್ತರು 'ರಜಾ ಇತ್ತಲ್ರಿ' ಅಂದರು. ಕಲಬುರಗಿಯ ಮೇ ಬಿಸಿಲು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಮತ್ತೆ ತರಿಸಬೇಕಾಯಿತು.

ಪರೀಕ್ಷೆ ಸರಳ. ಮೀಥೈಲ್‌ಅಂಬೆಲಿಫೆರೋನ್ ಎಂಬ ಬಣ್ಣ ಅಂಟಿಸಿದ ಫಾಸ್ಫೋಡೈಎಸ್ಟರನ್ನು ಕಿಣ್ವ ಕತ್ತರಿಸಿದರೆ ಆ ಬಣ್ಣ ಬಿಡುಗಡೆಯಾಗುತ್ತದೆ. 360 ನ್ಯಾನೋಮೀಟರ್ ಬೆಳಕು ಹಾಯಿಸಿದರೆ 450ರ ಸುಮಾರಿಗೆ ನೀಲಿಯಾಗಿ ಹೊಳೆಯುತ್ತದೆ. ಹೊಳಪು ಕಡಿಮೆಯಾದರೆ ಕಿಣ್ವಕ್ಕೆ ತಡೆ ಬಿದ್ದಿದೆ ಎಂದು ಲೆಕ್ಕ. ಕಾಯಿ ಸಿಪ್ಪೆಯ ಸಾರ ಹಾಕಿದಾಗ ಹೊಳಪು ಬಿದ್ದೇ ಹೋಯಿತು. ಹಣ್ಣಿನ ಸಿಪ್ಪೆಯದು ಹಾಕಿದರೆ ಉಲ್ಟಾ, ಏರಿತು. ನಮ್ಮ ಗೈಡಿಗೆ ಎರಡೂ ಸಂತೋಷವೇ: ಒಂದು ತಡೆ, ಒಂದು ಉತ್ತೇಜಕ, ಎರಡು ಪೇಪರು. ಕಿಣ್ವ ಹಾಕದ ಸಾಲನ್ನೂ ಓಡಿಸುತ್ತೇನೆ ಎಂದರೆ 'ಸಬ್‌ಸ್ಟ್ರೇಟ್ ತುಟ್ಟಿ ಅದ, ಸುಮ್ಮ ಸುರೀಬ್ಯಾಡ' ಎಂದರು. ನನ್ನನ್ನು ಕೇಳದೆಯೇ ಸಮ್ಮೇಳನಕ್ಕೆ ಸಾರಾಂಶ ಕಳಿಸಿಬಿಟ್ಟರು.

ನನ್ನದು ಹಟಮಾರಿ ಸ್ವಭಾವ. ಎಲ್ಲರೂ ಮನೆಗೆ ಹೋದ ಮೇಲೆ ಒಬ್ಬಳೇ ಪ್ಲೇಟು ಹಾಕಿದೆ. ಒಂದು ಸಾಲಿಗೆ ಸಾರ ಮಾತ್ರ. ಇನ್ನೊಂದಕ್ಕೆ ಆಗಲೇ ಬಿಡುಗಡೆಯಾದ ಶುದ್ಧ ಬಣ್ಣ ಮತ್ತು ಸಾರ. ಎರಡರಲ್ಲೂ ಕಿಣ್ವದ ಹನಿಯೂ ಇಲ್ಲ. ಕರೆಂಟು ಹೋಯಿತು, ಬಂತು. ಯಂತ್ರ ಬೆಚ್ಚಗಾಗಲು ಮತ್ತೆ ಕಾಯಬೇಕಾಯಿತು. ಹಸಿವಾಗಿತ್ತು, ಕೆಳಗೆ ವಾಚ್‌ಮನ್ ಎರಡು ಸಲ ಕೂಗಿದ. ಕೊನೆಗೆ ಅಂಕಿಗಳು ಪರದೆಯ ಮೇಲೆ ಮೂಡಿದವು. ಕತ್ತರಿಸುವ ಕಿಣ್ವವೇ ಇಲ್ಲದ ಗುಳಿಗಳಲ್ಲೂ ಕಾಯಿ ಸಿಪ್ಪೆಯ ಸಾರ ಬಣ್ಣದ ಹೊಳಪನ್ನು ಅಷ್ಟೇ ಇಳಿಸಿತ್ತು. ಹಣ್ಣಿನ ಸಾರ ಬಣ್ಣದ ಹಂಗಿಲ್ಲದೆ ತಾನೇ ಹೊಳೆಯುತ್ತಿತ್ತು. ಕುರ್ಚಿ ಬಿಟ್ಟು ಏಳಲಾಗಲಿಲ್ಲ. ಮರುಓದಿಗೆ ಇಟ್ಟೆ; ಅವೇ ಅಂಕಿಗಳು. ಕಾಯಿ ಸಿಪ್ಪೆಯ ಪಾಲಿಫೀನಾಲುಗಳು ಹಾಯಿಸಿದ ಬೆಳಕನ್ನು ಹೀರಿಕೊಂಡು, ಬಣ್ಣಕ್ಕೆ ಏನನ್ನೂ ಉಳಿಸಿರಲಿಲ್ಲ: ಗೂಡಿನೆದುರು ಯಾರೋ ನಿಂತರೆ ದೀಪ ಆರಿದಂತೆ ಕಾಣುವುದಿಲ್ಲವೇ, ಹಾಗೆ. ಹಣ್ಣಿನ ಹೊಳಪಿನ ಮೂಲ ಆ ಮೇಲೆ ಓದಿದಾಗ ಹೊಳೆಯಿತು. ಮಾಗುವಾಗ ಹರಿತ್ತು ಒಡೆದು ಹುಟ್ಟುವ ಅಣುಗಳಿಂದ ಹಳದಿ ಬಾಳೆ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ ಎಂದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಕ್ರೌಟ್ಲರ್ ತಂಡ 2008ರಲ್ಲೇ ಬರೆದಿತ್ತು. ನಮ್ಮದು ಕೆಂಪು ಬಾಳೆ, ನಿಜ. ಸಿಪ್ಪೆಯ ಕೆಂಪು ಬಣ್ಣ ಆಂಥೋಸಯನಿನ್‌ಗಳದು, ಅದರ ಕೆಳಗೆ ಅದೂ ಬಾಳೆಯೇ.

ಮರುದಿನ ಗೈಡಿನ ಮುಂದೆ ಹಾಳೆ ಇಟ್ಟೆ. 'ಇದನ್ನ ಯಾರು ಕೇಳ್ತಾರ?' ಅಂದರು. ತೆಳುಪದರ ಕ್ರೊಮ್ಯಾಟೋಗ್ರಫಿಯ ಸಿಲಿಕಾ ಹಾಳೆಯ ಮೇಲೆ ಎಟಿಪಿ, ಎಎಂಪಿ ಎರಡನ್ನೂ ಓಡಿಸಿ ತೋರಿಸಿದೆ. ಕಿಣ್ವದ ಜೊತೆ ಸಾರ ಹಾಕಿದರೂ ಹಾಕದಿದ್ದರೂ ಅತಿನೇರಳೆ ಬೆಳಕಿನಲ್ಲಿ ಎಎಂಪಿಯ ಕಪ್ಪು ಚುಕ್ಕೆ ಒಂದೇ ದಪ್ಪ. ಕಿಣ್ವ ನಿರಾಳವಾಗಿ ಕೆಲಸ ಮಾಡಿತ್ತು. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಲೂ ಇಲ್ಲ. ಸಾರಾಂಶ ಹಿಂದಕ್ಕೆ ಪಡೆಯಿರಿ ಎಂದು ಇಮೇಲ್ ಬರೆದವಳು ನಾನೇ. ಆ ಮೇಲಿಂದ ನನ್ನ ಅರ್ಜಿಗಳಿಗೆ ಸಹಿ ಬೀಳುವುದು ತಡ. ನನಗೆ ಪಶ್ಚಾತ್ತಾಪವಿಲ್ಲ.

ಗಿಡಮೂಲಿಕೆ ಸಾರಗಳ ಮೇಲೆ ಇಂಥ ಪರೀಕ್ಷೆ ಮಾಡುವವರು ಇಷ್ಟು ಮಾಡಿ. ಶುದ್ಧ ಬಣ್ಣದೊಂದಿಗೆ ಸಾರ ಬೆರೆಸಿದ ಸಾಲನ್ನು ಮೊದಲ ದಿನವೇ ಓಡಿಸಿ. 0.01 ಪ್ರತಿಶತ ಟ್ರೈಟನ್ ಎಕ್ಸ್-100 ಹಾಕಿ ನೋಡಿ. ತಡೆ ಮಾಯವಾದರೆ ಅದು ಮುದ್ದೆಗಟ್ಟಿದ ಅಣುಗಳ ಚೇಷ್ಟೆ. ಝಿಂಕ್ ಹೆಚ್ಚಿಸಿದಾಗ ಮಾಯವಾದರೆ, ಸಾರ ಕಿಣ್ವದ ಲೋಹ ಕಿತ್ತುಕೊಂಡಿದೆ ಅಷ್ಟೇ. ಪಾರ್ಸೆಲ್ ಬರುವ ದಿನ ಆಫೀಸಿನ ಬಾಗಿಲಲ್ಲಿ ನೀವೇ ನಿಲ್ಲಿ. ಗೈಡು ಬೇಡವೆಂದರೆ ಸಂಜೆ ಎಲ್ಲರೂ ಹೋದ ಮೇಲೆ ಮಾಡಿ. ಕಮಲಾಪುರದವರಿಗೆ ನನ್ನ ಕೋರಿಕೆ: ಹಣ್ಣು ತಿನ್ನಿ, ಮಾರಿ, ಸಿಪ್ಪೆಯ ಕಷಾಯವನ್ನು ಕ್ಯಾನ್ಸರ್ ರೋಗಿಗೆ ದಯವಿಟ್ಟು ಕುಡಿಸಬೇಡಿ.