ಹಳೆಯ ಸ್ಪೋರ್ಟ್ಸ್ ಕಾರುಗಳ ಹವಾನಿಯಂತ್ರಣ: ಫ್ಯಾನ್ ನಿಯಂತ್ರಣವೇ ಮೊದಲ ಹೆಜ್ಜೆ

ಹಳೆಯ ಸ್ಪೋರ್ಟ್ಸ್ ಕಾರಿನ ಎ.ಸಿ. ತಂಪು ನೀಡುತ್ತಿಲ್ಲವೆಂಬ ದೂರಿನೊಂದಿಗೆ ಬರುವ ಗ್ರಾಹಕನಿಗೆ ಸಾಮಾನ್ಯವಾಗಿ ದೊರೆಯುವ ಸಲಹೆಗಳು ಎರಡು: ಅನಿಲ ತುಂಬಿಸುವುದು, ಇಲ್ಲವೇ ಕಂಪ್ರೆಸರ್ ಬದಲಾಯಿಸುವುದು. ಎರಡೂ ಖರ್ಚಿನ ಬಾಬತ್ತುಗಳು. ಆದರೆ ದೂರನ್ನು ಸ್ವಲ್ಪ ವಿವರವಾಗಿ ಕೇಳಿದರೆ ಅನೇಕ ಬಾರಿ ಬೇರೆಯೇ ಚಿತ್ರ ಮೂಡುತ್ತದೆ. ಹೆದ್ದಾರಿಯಲ್ಲಿ ಓಡುವಾಗ ಕಾರು ತಂಪಾಗಿರುತ್ತದೆ. ಸಿಗ್ನಲ್‌ನಲ್ಲಿ ನಿಂತೊಡನೆ ಬಿಸಿಗಾಳಿ ಬರತೊಡಗುತ್ತದೆ, ಎಂಜಿನ್‌ನ ಉಷ್ಣಾಂಶದ ಮುಳ್ಳೂ ಮೇಲೇರುತ್ತದೆ. ಇಂತಹ ಕಾರಿನಲ್ಲಿ ಮೊದಲು ಸಂಶಯಿಸಬೇಕಾದುದು ಕಂಪ್ರೆಸರನ್ನಲ್ಲ. ಕಂಡೆನ್ಸರ್‌ನ ಮೂಲಕ ಹಾಯುವ ಗಾಳಿಯನ್ನು ಮತ್ತು ಆ ಗಾಳಿಯನ್ನು ಸೆಳೆಯುವ ಫ್ಯಾನ್‌ನ ನಿಯಂತ್ರಣವನ್ನು. ಈ ಕ್ರಮವನ್ನು ಅರಿಯದೆ ಮಾಡಿದ ದುರಸ್ತಿಯಿಂದ ಗ್ರಾಹಕನ ಹಣವೂ ವ್ಯರ್ಥ, ವ್ಯಾಪಾರಿಯ ಹೆಸರೂ ಹಾಳು.

ಸಮಸ್ಯೆಯ ಮೂಲ

ಕಾರಿನೊಳಗಿನ ಶಾಖವನ್ನು ಹೀರಿದ ಶೀತಕ ಅನಿಲವು ಆ ಶಾಖವನ್ನು ಮುಂಭಾಗದ ಕಂಡೆನ್ಸರ್‌ನಲ್ಲಿ ಹೊರಗಿನ ಗಾಳಿಗೆ ಬಿಟ್ಟುಕೊಟ್ಟು ದ್ರವವಾಗಬೇಕು. ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ಈ ಕೆಲಸಕ್ಕೆ ಸಾಕು. ನಿಂತಾಗ ಇಡೀ ಹೊಣೆ ಫ್ಯಾನ್‌ನ ಮೇಲೆ ಬೀಳುತ್ತದೆ. ಗಾಳಿ ಕಡಿಮೆಯಾದರೆ ಅನಿಲದ ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ಶ್ರಮಪಡುತ್ತದೆ, ತಂಪು ಮಾತ್ರ ಇಳಿಯುತ್ತದೆ. ಕಂಡೆನ್ಸರ್‌ನ ಹಿಂದೆಯೇ ರೇಡಿಯೇಟರ್ ಇರುವುದರಿಂದ ಕಂಡೆನ್ಸರ್ ಬಿಟ್ಟ ಬಿಸಿಗಾಳಿಯೇ ರೇಡಿಯೇಟರ್‌ಗೆ ದೊರೆಯುತ್ತದೆ. ಹೀಗೆ ಒಂದು ದೋಷ ಎರಡು ವ್ಯವಸ್ಥೆಗಳನ್ನು ಕೆಡಿಸುತ್ತದೆ.

ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಇನ್ನಷ್ಟು ತೀವ್ರ. ತಗ್ಗಾದ ಮೂತಿ, ಕಿರಿದಾದ ಗಾಳಿಕಿಂಡಿ, ಇಕ್ಕಟ್ಟಿನ ಎಂಜಿನ್ ಕೋಣೆ, ವಿಶಾಲವಾದ ಇಳಿಜಾರು ಗಾಜು: ಇವೆಲ್ಲ ಶಾಖವನ್ನು ಹೆಚ್ಚಿಸುವ ಅಥವಾ ಹೊರಹೋಗಗೊಡದ ಅಂಶಗಳು.

ಒಂದು ಉದಾಹರಣೆ: ಪೋರ್ಷೆ 928

ಜರ್ಮನಿಯ ಪೋರ್ಷೆ ಸಂಸ್ಥೆ 1977ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಪರಿಚಯಿಸಿ 1995ರವರೆಗೆ ತಯಾರಿಸಿದ 928 ಮಾದರಿ ಈ ವಿಷಯದ ಅಧ್ಯಯನಕ್ಕೆ ಉತ್ತಮ ನಿದರ್ಶನ. ಮುಂಭಾಗದಲ್ಲಿ ನೀರಿನಿಂದ ತಣಿಯುವ ವಿ-8 ಎಂಜಿನ್ ಇದ್ದ ಈ ಕಾರಿನ ಆರಂಭದ ಮಾದರಿಗಳಲ್ಲಿ ಎಂಜಿನ್‌ನಿಂದಲೇ ತಿರುಗುವ ವಿಸ್ಕಸ್ ಕ್ಲಚ್ ಫ್ಯಾನ್ ಮುಖ್ಯವಾಗಿತ್ತು. ಅದಕ್ಕೆ ವಿದ್ಯುತ್ ಫ್ಯಾನ್‌ನ ನೆರವಿತ್ತು. ಎಂಜಿನ್ ನಿಧಾನಗತಿಯಲ್ಲಿದ್ದಾಗ ಈ ಮುಖ್ಯ ಫ್ಯಾನ್ ಕೂಡ ನಿಧಾನವಾಗಿಯೇ ತಿರುಗುವುದು ಇಂತಹ ರಚನೆಯ ಸಹಜ ಮಿತಿ. ಗಾಳಿ ಅತ್ಯಗತ್ಯವಾದ ಹೊತ್ತಿನಲ್ಲೇ ಗಾಳಿ ಕಡಿಮೆ!

1987ರ ಎಸ್-4 ಮಾದರಿಯಲ್ಲಿ ಈ ಕ್ರಮವನ್ನು ಬದಲಿಸಿ ಎರಡು ವಿದ್ಯುತ್ ಫ್ಯಾನ್‌ಗಳನ್ನು ಅಳವಡಿಸಲಾಯಿತು. ಅವುಗಳ ವೇಗವನ್ನು ಒಂದು ಎಲೆಕ್ಟ್ರಾನಿಕ್ ನಿಯಂತ್ರಕ ಹಂತರಹಿತವಾಗಿ ಏರಿಳಿಸುತ್ತಿತ್ತು. ಎಂಜಿನ್ ನೀರಿನ ಉಷ್ಣಾಂಶವಷ್ಟೇ ಅಲ್ಲದೆ, ಎ.ಸಿ. ಅನಿಲದ ಒತ್ತಡ, ಸ್ವಯಂಚಾಲಿತ ಗೇರ್‌ಬಾಕ್ಸ್‌ನ ಎಣ್ಣೆಯ ಬಿಸಿ ಮುಂತಾದವುಗಳನ್ನೂ ಅದು ಪರಿಗಣಿಸುತ್ತಿತ್ತು. ಬೇಡಿಕೆಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಗಾಳಿ ನೀಡುವ ಈ ತತ್ವ ಇಂದಿಗೂ ಸರಿಯಾದುದೇ. ದಶಕಗಳ ಬಳಿಕ ಸೋತಿರುವುದು ತತ್ವವಲ್ಲ. ಬಿಸಿಯಲ್ಲಿ ಬೆಂದ ನಿಯಂತ್ರಕ, ತುಕ್ಕು ಹಿಡಿದ ಸಂಪರ್ಕಗಳು, ಸವೆದ ಮೋಟಾರ್ ಬ್ರಷ್‌ಗಳು.

ಇದೇ ಕಾರಿನಲ್ಲಿ ಇನ್ನೊಂದು ಪಾಠವಿದೆ. ಹೀಟರ್‌ಗೆ ಬಿಸಿನೀರು ಬಿಡುವ ಕವಾಟ ಮತ್ತು ಗಾಳಿಯ ದಿಕ್ಕು ಬದಲಿಸುವ ಹಲಗೆಗಳು ನಿರ್ವಾತದಿಂದ ಚಲಿಸುತ್ತವೆ. ಅವುಗಳ ರಬ್ಬರ್ ಪೊರೆ ಹರಿದರೆ ಬಿಸಿನೀರು ಹೀಟರ್‌ನಲ್ಲಿ ಹರಿಯುತ್ತಲೇ ಇದ್ದು, ಎ.ಸಿ. ತಣಿಸಿದ ಗಾಳಿಯನ್ನು ಮತ್ತೆ ಬಿಸಿ ಮಾಡುತ್ತದೆ. ಇಂತಹ ಕಾರಿಗೆ ಹೊಸ ಕಂಪ್ರೆಸರ್ ಹಾಕಿದರೂ ಫಲವಿಲ್ಲ.

ಶೀತಕ ಅನಿಲದ ಬದಲಾವಣೆ

ಆ ಕಾಲದ ಕಾರುಗಳು ಆರ್-12 ಅನಿಲಕ್ಕಾಗಿ ರೂಪುಗೊಂಡವು. ಓಜೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದನ್ವಯ ಅದರ ತಯಾರಿಕೆ ಮುಂದುವರಿದ ದೇಶಗಳಲ್ಲಿ 1996ರ ವೇಳೆಗೆ ಹಾಗೂ ಭಾರತದಂತಹ ರಾಷ್ಟ್ರಗಳಲ್ಲಿ 2010ರ ವೇಳೆಗೆ ನಿಂತಿತು. ಬದಲಿಗೆ ಬಂದುದು ಆರ್-134ಎ. ಕಂಡೆನ್ಸರ್ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುವಾಗ ಆರ್-12ರ ನಿರಪೇಕ್ಷ ಒತ್ತಡ ಸುಮಾರು 15 ಬಾರ್ ಆದರೆ, ಆರ್-134ಎಯದು ಸುಮಾರು 17 ಬಾರ್. ಅಂದರೆ ಅನಿಲ ಬದಲಾದ ಕಾರಿಗೆ ಗಾಳಿಯ ಕೊರತೆಯನ್ನು ತಾಳುವ ಶಕ್ತಿ ಇನ್ನೂ ಕಡಿಮೆ. ಆದುದರಿಂದ ಅನಿಲ ಬದಲಿಸುವಾಗ ಹೊಂದುವ ಎಣ್ಣೆ, ಹೊಸ ಡ್ರೈಯರ್ ಮತ್ತು ಸೂಕ್ತ ಸೀಲುಗಳ ಜೊತೆಗೆ, ಸಾಧ್ಯವಿದ್ದರೆ ಪ್ಯಾರಲಲ್ ಫ್ಲೋ ಕಂಡೆನ್ಸರ್ ಮತ್ತು ಸುಧಾರಿತ ಫ್ಯಾನ್ ವ್ಯವಸ್ಥೆಯನ್ನೂ ಯೋಜಿಸುವುದು ವಿವೇಕ. ಹಳೆಯ ತೂಕದಷ್ಟೇ ಹೊಸ ಅನಿಲ ತುಂಬುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಆರ್-134ಎಗೆ ಅದಕ್ಕಿಂತ ಕಡಿಮೆ ತೂಕ ಸಾಕಾಗುತ್ತದೆ.

ವೈರಿಂಗ್‌ನಲ್ಲಿ ಸೋರುವ ಶಕ್ತಿ

ಫ್ಯಾನ್ ತಿರುಗುತ್ತಿದೆ ಎಂದಮಾತ್ರಕ್ಕೆ ಅದು ಪೂರ್ಣ ವೇಗದಲ್ಲಿದೆ ಎಂದರ್ಥವಲ್ಲ. 25 ಆಂಪಿಯರ್ ಹರಿಯುವ ಮಾರ್ಗದಲ್ಲಿ ಹಳೆಯ ರಿಲೇ, ಫ್ಯೂಸ್ ಹಿಡಿಕೆ ಮತ್ತು ಅರ್ತಿಂಗ್ ಸೇರಿ 0.08 ಓಮ್‌ನಷ್ಟು ಪ್ರತಿರೋಧವಿದ್ದರೆ 2 ವೋಲ್ಟ್ ನಷ್ಟವಾಗುತ್ತದೆ. 13.5 ವೋಲ್ಟ್ ದೊರೆಯಬೇಕಾದ ಮೋಟಾರಿಗೆ ದೊರೆಯುವುದು 11.5 ವೋಲ್ಟ್ ಮಾತ್ರ. ವೇಗವೂ ಗಾಳಿಯೂ ಸುಮಾರು ಶೇಕಡಾ 15ರಷ್ಟು ಕುಗ್ಗುತ್ತವೆ. ಕಳೆದುಹೋದ 50 ವಾಟ್ ಶಕ್ತಿ ಆ ಸಂಪರ್ಕಗಳಲ್ಲೇ ಶಾಖವಾಗಿ ಪ್ಲಾಸ್ಟಿಕ್ ಕನೆಕ್ಟರ್‌ಗಳನ್ನು ಕರಗಿಸುತ್ತದೆ. ದಪ್ಪ ತಂತಿ, ಹೊಸ ರಿಲೇ, ಶುದ್ಧವಾದ ಅರ್ತಿಂಗ್: ಅತಿ ಕಡಿಮೆ ಖರ್ಚಿನ ಈ ಸುಧಾರಣೆಯನ್ನು ಮೊದಲು ಮಾಡಬೇಕು.

ನಿಯಂತ್ರಕ ಹೇಗಿರಬೇಕು?

ಅನೇಕ ಹಳೆಯ ಕಾರುಗಳಲ್ಲಿ ಫ್ಯಾನ್‌ಗೆ ಇರುವುದು ಪೂರ್ಣ ಚಾಲನೆ ಇಲ್ಲವೇ ಸಂಪೂರ್ಣ ನಿಲುಗಡೆ ಮಾತ್ರ. ಕೆಲವುಗಳಲ್ಲಿ ರೆಸಿಸ್ಟರ್ ಮೂಲಕ ಎರಡನೆಯ, ಕಡಿಮೆ ವೇಗವಿರುತ್ತದೆ. ಅಲ್ಲಿ ಶಕ್ತಿಯ ಒಂದು ಪಾಲು ರೆಸಿಸ್ಟರ್‌ನಲ್ಲೇ ಬಿಸಿಯಾಗಿ ಪೋಲಾಗುತ್ತದೆ. ಫ್ಯಾನ್ ತಿರುಗಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾದುದು. ಅರ್ಧ ವೇಗಕ್ಕೆ ಎಂಟನೆಯ ಒಂದು ಭಾಗ ಸಾಕು. ಆದುದರಿಂದ ಪಲ್ಸ್ ವಿಡ್ತ್ ಮಾಡ್ಯುಲೇಷನ್ (ಪಿಡಬ್ಲ್ಯುಎಂ) ವಿಧಾನದಿಂದ ವೇಗವನ್ನು ಕ್ರಮವಾಗಿ ಏರಿಸುವ ನಿಯಂತ್ರಕವು, ನಿಧಾನಗತಿಯಲ್ಲಿ ಮೊದಲೇ ಬಳಲುವ ಹಳೆಯ ಆಲ್ಟರ್ನೇಟರ್‌ನ ಹೊರೆಯನ್ನು ಗಣನೀಯವಾಗಿ ತಗ್ಗಿಸುತ್ತದೆ. ಇಂತಹ ನಿಯಂತ್ರಕದಲ್ಲಿ ಈ ಗುಣಗಳಿರಬೇಕು:

1. ಎಂಜಿನ್ ನೀರಿನ ಉಷ್ಣಾಂಶ ಮತ್ತು ಎ.ಸಿ. ಅನಿಲದ ಒತ್ತಡ ಎರಡನ್ನೂ ಅಳೆದು, ಯಾವುದರ ಬೇಡಿಕೆ ಹೆಚ್ಚೋ ಅದಕ್ಕೆ ತಕ್ಕಂತೆ ಫ್ಯಾನ್ ನಡೆಸಬೇಕು.

2. ಥರ್ಮೋಸ್ಟಾಟ್ ತೆರೆಯುವ ಉಷ್ಣಾಂಶಕ್ಕಿಂತ ಕೆಳಗೆ ಫ್ಯಾನ್ ಆರಂಭವಾಗಬಾರದು. 83 ಡಿಗ್ರಿಯಲ್ಲಿ ತೆರೆಯುವ ಥರ್ಮೋಸ್ಟಾಟ್ ಇರುವ ಕಾರಿನಲ್ಲಿ 80 ಡಿಗ್ರಿಗೆ ಫ್ಯಾನ್ ಹೊಂದಿಸಿದರೆ ಅದು ವಿರಾಮವಿಲ್ಲದೆ ತಿರುಗುತ್ತಲೇ ಇರುತ್ತದೆ.

3. ಸೆನ್ಸರ್‌ನ ತಂತಿ ತುಂಡಾದರೆ ಫ್ಯಾನ್ ನಿಲ್ಲದೆ ಪೂರ್ಣ ವೇಗಕ್ಕೆ ಹೋಗಬೇಕು. ಸಾಮಾನ್ಯ ಎನ್‌ಟಿಸಿ ಸೆನ್ಸರ್‌ನ ತಂತಿ ತುಂಡಾದಾಗ ಎಂಜಿನ್ ಅತಿ ತಣ್ಣಗಿದೆಯೆಂಬ ಸುಳ್ಳು ಸಂಕೇತ ಬರುವುದರಿಂದ ಈ ಅಂಶವನ್ನು ಮೊದಲೇ ಯೋಚಿಸಬೇಕು. ಇಲ್ಲಿ ಎಡವಿದರೆ ಗ್ರಾಹಕನ ಎಂಜಿನ್ನೇ ಹೋದೀತು.

4. ಮೋಟಾರು ನಿಧಾನವಾಗಿ ಆರಂಭವಾಗಬೇಕು. ಏಕಾಏಕಿ ಆರಂಭದ ಪ್ರವಾಹ ಚಾಲನೆಯ ಪ್ರವಾಹದ ಹಲವು ಪಟ್ಟಿರುತ್ತದೆ. ಮೋಟಾರಿನಿಂದ ಹಿಮ್ಮರಳುವ ವೋಲ್ಟೇಜ್ ತಡೆಯಲು ಡಯೋಡ್ ಅಗತ್ಯ.

5. ಒತ್ತಡ ಅತಿಯಾದಾಗ ಅಥವಾ ಅನಿಲ ಸೋರಿ ತೀರ ಕುಸಿದಾಗ ಕಂಪ್ರೆಸರ್ ನಿಲ್ಲಿಸುವ ಮೂಲ ಸುರಕ್ಷತಾ ಸ್ವಿಚ್‌ಗಳನ್ನು ಯಾವ ಕಾರಣಕ್ಕೂ ತೆಗೆಯಬಾರದು.

ಪರೀಕ್ಷೆಯ ಕ್ರಮ

ಬಿಡಿಭಾಗ ಮಾರುವ ಮುನ್ನ ಅಳತೆ ಮಾಡುವುದು ವ್ಯಾಪಾರದ ಶಿಸ್ತು. ಕಾರನ್ನು ನಿಲ್ಲಿಸಿ ಎ.ಸಿ. ಚಾಲೂ ಮಾಡಿ, ಎರಡೂ ಬದಿಯ ಒತ್ತಡ, ಕಿಂಡಿಯಿಂದ ಬರುವ ಗಾಳಿಯ ಉಷ್ಣಾಂಶ ಮತ್ತು ಮೋಟಾರಿನ ತುದಿಗಳಲ್ಲಿ ದೊರೆಯುವ ವೋಲ್ಟೇಜ್ ಬರೆದಿಟ್ಟುಕೊಳ್ಳಬೇಕು. ಬಳಿಕ ಕಂಡೆನ್ಸರ್ ಮೇಲೆ ನೀರು ಸಿಂಪಡಿಸಬೇಕು. ಒತ್ತಡ ತಕ್ಷಣ ಇಳಿದು ತಂಪು ಹೆಚ್ಚಿದರೆ ಕೊರತೆ ಇರುವುದು ಕಂಡೆನ್ಸರ್ ಶಾಖ ಬಿಡುವ ಶಕ್ತಿಯಲ್ಲಿ. ಧೂಳು ತುಂಬಿದ ರೆಕ್ಕೆಗಳು, ಬಿರುಕು ಬಿಟ್ಟ ಫ್ಯಾನ್ ಕವಚ, ಉದುರಿದ ಸೀಲು ಪಟ್ಟಿಗಳು, ಫ್ಯಾನ್‌ನ ವೇಗ ಇವುಗಳನ್ನು ನೋಡಬೇಕು. ಒತ್ತಡ ಇಳಿದರೂ ಕಿಂಡಿಯ ಗಾಳಿ ಬಿಸಿಯಾಗಿಯೇ ಇದ್ದರೆ ಹೀಟರ್ ಕವಾಟವನ್ನು ಪರೀಕ್ಷಿಸಬೇಕು. ಇವೆಲ್ಲ ಸರಿಯಿದ್ದ ಮೇಲಷ್ಟೇ ಕಂಪ್ರೆಸರ್‌ನ ಸರದಿ.

ಉದ್ದಿಮೆದಾರರು ಗಮನಿಸಬೇಕಾದುದು

ಮಾದರಿಯೊಂದರ ತಯಾರಿಕೆ ನಿಂತ ಬಳಿಕ ಅದರ ಮೂಲ ಬಿಡಿಭಾಗಗಳು ದುಬಾರಿಯಾಗುತ್ತವೆ, ಕೆಲವು ದೊರೆಯುವುದೇ ಇಲ್ಲ. ಕಡಿಮೆ ಸಂಖ್ಯೆಯ, ಆದರೆ ನಿಖರ ಗುಣಮಟ್ಟದ ನಿಯಂತ್ರಕ, ವೈರಿಂಗ್ ಹಾರ್ನೆಸ್, ಫ್ಯಾನ್ ಕವಚಗಳು ದೊಡ್ಡ ಕಾರ್ಖಾನೆಗೆ ಲಾಭದಾಯಕವಲ್ಲ. ಸಣ್ಣ ಘಟಕಕ್ಕೆ ಅದೇ ಅವಕಾಶ. ಆದರೆ ಈ ಗ್ರಾಹಕ ಕಾರಿನ ಮೂಲ ತಂತಿಯನ್ನು ಕತ್ತರಿಸಲು ಒಪ್ಪುವುದಿಲ್ಲ. ಹಳೆಯ ಕನೆಕ್ಟರ್‌ಗೇ ಕೂಡುವ, ಬೇಡವೆಂದಾಗ ಬಿಚ್ಚಿ ಮೊದಲಿನಂತೆ ಮಾಡಬಹುದಾದ ವಿನ್ಯಾಸ, ಸ್ಪಷ್ಟ ಅಳವಡಿಕೆ ಸೂಚನೆ ಮತ್ತು ಪ್ರತಿ ನಿಯಂತ್ರಕದ ಪರೀಕ್ಷಾ ದಾಖಲೆ ಇಲ್ಲಿ ಬೆಲೆಗಿಂತ ಹೆಚ್ಚು ತೂಗುತ್ತವೆ.

ಕಾರುಗಳ ವ್ಯವಹಾರವಿಲ್ಲದವರಿಗೂ ಈ ಪಾಠ ಅನ್ವಯಿಸುತ್ತದೆ. ಶೀತಲಗೃಹದ ಕಂಡೆನ್ಸರ್ ಇರಲಿ, ಡೀಸೆಲ್ ಜನರೇಟರ್‌ನ ರೇಡಿಯೇಟರ್ ಇರಲಿ, ಯಂತ್ರ ಬಿಸಿಯಾದೊಡನೆ ದೊಡ್ಡ ಯಂತ್ರ ಕೊಳ್ಳುವ ಯೋಚನೆಗೆ ಮುನ್ನ ಗಾಳಿಯ ಹರಿವನ್ನೂ ಫ್ಯಾನ್‌ಗೆ ತಲುಪುವ ವೋಲ್ಟೇಜನ್ನೂ ಅಳೆಯುವುದು ಲೇಸು. ಬಹಳಷ್ಟು ಸಲ ಬೇಕಾಗಿರುವುದು ಹೆಚ್ಚಿನ ಶಕ್ತಿಯಲ್ಲ. ಇರುವ ಶಕ್ತಿಯನ್ನು ಬೇಕಾದ ಹೊತ್ತಿಗೆ, ಬೇಕಾದಷ್ಟು ಒದಗಿಸುವ ವ್ಯವಸ್ಥೆ.