ಮೊದಲು ಬಿಗಿತ ಬಿಡಿಸಿ, ಆಮೇಲೆ ಗಾಳಿ ತುಂಬಿ

ಮಸ್ಟ್ಯಾಂಗ್, ಸ್ಪಿಟ್‌ಫೈರ್‌ನಂಥ ಯುದ್ಧವಿಮಾನಗಳ ರೇಡಿಯೊ ನಿಯಂತ್ರಿತ (ಆರ್‌ಸಿ) ಮಾದರಿ ಹಾರಿಸುವವರಿಗೆ, ಮೇಲೇರುತ್ತಿದ್ದಂತೆ ಚಕ್ರ ಮಡಚಿಕೊಳ್ಳುವುದನ್ನು ನೋಡುವುದೇ ಒಂದು ಹಬ್ಬ. ಗಾಳಿ ಒತ್ತಡದಿಂದ ಚಕ್ರ ಮಡಚುವ ಸಾಧನ, ಅಂದರೆ ರಿಟ್ರ್ಯಾಕ್ಟ್, ಕೈಕೊಟ್ಟಾಗ ಹಲವರು ಮೊದಲು ಪಂಪ್ ಹಿಡಿಯುತ್ತಾರೆ. ಅದು ಕೊನೆಯ ಕೆಲಸ.

1. ಟ್ಯೂಬ್ ಕಳಚಿ, ಲಾಕ್ ಬಿಡಿಸಿ, ಚಕ್ರದ ಕಾಲನ್ನು ಕೈಯಿಂದಲೇ ಮೇಲೆ ಕೆಳಗೆ ಆಡಿಸಿ. ಎಲ್ಲೂ ಹಿಡಿಯಬಾರದು. ಹಿಡಿದರೆ ರೆಕ್ಕೆಗೆ ಕೂರಿಸಿದ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿ ನೋಡಿ. ಮರದ ರೈಲುಗಳು ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಸ್ಕ್ರೂ ಬಿಗಿದಂತೆಲ್ಲ ಫ್ರೇಮ್ ತಿರುಚಿಕೊಂಡು ಪಿನ್ನು ಸಿಕ್ಕಿಬೀಳುತ್ತದೆ. ತಗ್ಗಿದ ಮೂಲೆಗೆ ತೆಳು ಪ್ಲೈವುಡ್ ಚೂರು ಕೊಟ್ಟರೆ ಸಾಕು, ಎಷ್ಟೋ ತೊಂದರೆಗಳು ಇಲ್ಲೇ ಮುಗಿಯುತ್ತವೆ.

2. ಟ್ಯೂಬಿನ ತುದಿಯನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಓರೆ ತುದಿ ಸೋರುತ್ತದೆ.

3. ಸೋರಿಕೆಯನ್ನು ಲೆಕ್ಕಾಚಾರದಿಂದ ಹುಡುಕಿ. ಚಕ್ರ ಇಳಿದಾಗ ಮಾತ್ರ ಒತ್ತಡ ಬೀಳುತ್ತಿದೆಯೇ? ಇಳಿಸುವ ಟ್ಯೂಬಿನ ದಾರಿಯಲ್ಲಿ ಹುಡುಕಿ. ಮಡಚಿದಾಗ ಮಾತ್ರವೇ? ಇನ್ನೊಂದು ಟ್ಯೂಬ್. ಎರಡೂ ಸ್ಥಿತಿಯಲ್ಲಿ ಬಿದ್ದರೆ ಟ್ಯಾಂಕ್, ಗಾಳಿ ತುಂಬುವ ವಾಲ್ವ್, ಕಂಟ್ರೋಲ್ ವಾಲ್ವ್ ನೋಡಿ. ಪಿಸ್ಟನ್ನಿನ ಒ-ರಿಂಗ್ ಸವೆದಿದ್ದರೂ ಹೀಗೇ ಆಗುತ್ತದೆ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಕಳ್ಳ ಸಿಕ್ಕ.

4. ಕಂಟ್ರೋಲ್ ವಾಲ್ವಿನ ಸರ್ವೊ ಎರಡೂ ಕೊನೆಗಳಲ್ಲಿ ಗುಂಯ್‌ಗುಡಬಾರದು. ಟ್ರಾನ್ಸ್‌ಮಿಟರಿನಲ್ಲಿ ಎಂಡ್ ಪಾಯಿಂಟ್ ತಗ್ಗಿಸಿ, ಆದರೆ ವಾಲ್ವ್ ಪೂರ್ತಿ ತೆರೆಯುವಷ್ಟು ಚಲನೆ ಉಳಿಸಿಕೊಳ್ಳಿ.

5. ಕಾಲು ಮಡಚುವ ವೇಗ ಹೊಂದಿಸುವ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ವಿಮಾನವನ್ನು ಮಗುಚಿಟ್ಟು ವೇಗ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ: ಆಗ ಕಾಲಿನ ಭಾರ ಮಡಚುವ ಕಡೆಗೆ ಎಳೆಯುತ್ತಿರುತ್ತದೆ. ಹಾರುವ ಭಂಗಿಯಲ್ಲೇ, ಕಾಲು ಗಾಳಿಯಲ್ಲಿ ತೂಗುವಂತೆ ಸ್ಟ್ಯಾಂಡ್ ಮೇಲಿಟ್ಟು ನೋಡಿ.

6. ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಇದು. ಟ್ಯಾಂಕಿಗೆ ಕೈಪಿಡಿ ಹೇಳಿದಷ್ಟು ಗಾಳಿ ತುಂಬಿ. ಹಲವು ಸೆಟ್‌ಗಳಿಗೆ ಅದು 100 ಪಿಎಸ್‌ಐ ಸುತ್ತಮುತ್ತ. ಮತ್ತೆ ತುಂಬದೆ ಮಡಚುತ್ತ ಇಳಿಸುತ್ತ ಹೋಗಿ. ಯಾವ ಒತ್ತಡದಲ್ಲಿ ಒಂದು ಕಾಲು ಲಾಕ್ ಆಗದೆ ಉಳಿಯುತ್ತದೋ ಬರೆದಿಡಿ. ಪ್ರತಿ ಸಲ ಅದೇ ಕಾಲು ಹಿಂದೆ ಬಿದ್ದರೆ ಗಾಳಿಯನ್ನು ದೂರಬೇಡಿ, ಆ ಕಾಲಿನ ಬಿಗಿತ ನೋಡಿ. ಪಿ-40, ಕೋರ್ಸೇರ್ ಮಾದರಿಗಳಿಗೆ ಇನ್ನೂ ಕಟ್ಟುನಿಟ್ಟಾಗಿರಿ: ಅವುಗಳ ಕಾಲು ಹಿಂದಕ್ಕೆ ಮಡಚುತ್ತದೆ, ಇಳಿಯುವಾಗ ಎದುರುಗಾಳಿಯನ್ನು ತಳ್ಳಿಕೊಂಡು ಮುಂದೆ ಬರಬೇಕು. ಬೆರಳಿನಿಂದ ಮೆಲ್ಲಗೆ ತಡೆದರೂ ಲಾಕ್ ಆಗಬೇಕು.

7. ಬಾಲದಲ್ಲಿ ಚಕ್ರವಿರುವ ವಿಮಾನಕ್ಕೆ ಮುಂದಿನ ಚಕ್ರಗಳನ್ನು ಕೂದಲೆಳೆಯಷ್ಟು ಒಳಮುಖ ಮಾಡುವುದು ನನಗೆ ಇಷ್ಟ, ಓಟ ನೆಟ್ಟಗಿರುತ್ತದೆ. ಹಾಗೆ ಹೊಂದಿಸಿದ ಮೇಲೆ, ಸ್ಕ್ರೂ ಕೂರುವ ಕಡೆ ಕಾಲಿನ ತಂತಿಯನ್ನು ಅರದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಮೊದಲ ಒರಟು ಇಳಿತಕ್ಕೇ ತಿರುಗುತ್ತದೆ.

8. ಒ-ರಿಂಗಿಗೆ ಸಿಲಿಕೋನ್ ಎಣ್ಣೆ, ಅದೂ ಒಂದೇ ಹನಿ. ಜಾಸ್ತಿಯಾದರೆ ಮೈದಾನದ ಧೂಳೆಲ್ಲ ಅಂಟಿಕೊಳ್ಳುತ್ತದೆ.

9. ಮೈದಾನದಲ್ಲಿ ಪ್ರತಿ ಹಾರಾಟಕ್ಕೂ ಮುಂಚೆ ಗೇಜ್ ನೋಡಿ. ಹಾರುವಾಗ ಒಂದೇ ಕಾಲು ಇಳಿದರೆ, ಗಾಳಿ ಉಳಿದಿದ್ದರೆ ಎರಡನ್ನೂ ಮಡಚಿ ಇನ್ನೊಮ್ಮೆ ಇಳಿಸಿ. ಆಗಲೂ ಬಾರದಿದ್ದರೆ ಎರಡನ್ನೂ ಮಡಚಿ, ಹುಲ್ಲಿನ ಮೇಲೆ ಹೊಟ್ಟೆಯಲ್ಲೇ ಇಳಿಸಿ. ಒಂಟಿಕಾಲಲ್ಲಿ ಇಳಿದರೆ ರೆಕ್ಕೆಗೇ ಪೆಟ್ಟು.