ಕೇಪ್ ಗೂಸ್‌ಬೆರಿ: ಬಿಸಿಲೇರುವ ಮೊದಲು ಫಲ ಕೊಡುವ ತಳಿ ಯಾವುದು?

ಮಾಧವರಂ, ಮಂತ್ರಾಲಯ, ಆದವಾನಿ ಸೀಮೆಯ ರೈತರಿಗೆ ಹತ್ತಿ, ಮೆಣಸಿನಕಾಯಿ ಕೈಗೆ ಪಳಗಿದ ಬೆಳೆಗಳು. ಉತ್ತರ ಭಾರತದಲ್ಲಿ ರಸಭರಿ ಎಂದು ಮಾರುವ ಕೇಪ್ ಗೂಸ್‌ಬೆರಿ ಇಲ್ಲಿಗೆ ಹೊಸತು. ಟೊಮ್ಯಾಟೊ, ಬದನೆಯ ಕುಟುಂಬದ ಗಿಡವಿದು. ಹೊಸದಾಗಿ ಬೆಳೆಯುವವರು ಮೊದಲು ನಾಲ್ಕೈದು ಗುಂಟೆಯಲ್ಲಿ ತಳಿಗಳನ್ನು ಅಕ್ಕಪಕ್ಕ ಹಾಕಿ ನೋಡುವುದೇ ಕ್ಷೇಮ.

ಕೊಲಂಬಿಯಾ ಬಗೆಯ ಹಣ್ಣು ಸಣ್ಣದು, ಸುಮಾರು 5 ಗ್ರಾಂ. ಬಣ್ಣ, ಸಿಹಿ ಎರಡೂ ಹೆಚ್ಚು. ಕೀನ್ಯಾ, ದಕ್ಷಿಣ ಆಫ್ರಿಕಾ ಬಗೆಗಳಲ್ಲಿ ಹಣ್ಣು 6ರಿಂದ 10 ಗ್ರಾಂ ತೂಗುತ್ತದೆ. ದಪ್ಪ ಹಣ್ಣು ಕಂಡೊಡನೆ ಮರುಳಾಗಬೇಡಿ. ಒಂದು ಗಿಡದಲ್ಲಿ 5 ಗ್ರಾಮಿನ 150 ಹಣ್ಣು ಸಿಕ್ಕರೆ 750 ಗ್ರಾಂ; 8 ಗ್ರಾಮಿನ 80 ಹಣ್ಣಿಗೆ 640 ಗ್ರಾಂ ಮಾತ್ರ. ಗಿಡ ಎತ್ತರವಾಗಿ, ಸೊಂಪಾಗಿ ಬೆಳೆದ ಮಾತ್ರಕ್ಕೆ ಇಳುವರಿಯೂ ಹೆಚ್ಚೆಂದು ನಂಬುವಂತಿಲ್ಲ. ಯೂರಿಯಾ ಜಾಸ್ತಿಯಾದರೆ ಎಲೆಯೇ ತುಂಬಿ ಕಾಯಿ ಕಡಿಮೆಯಾಗುತ್ತದೆ.

ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬಿಸಿಲಿನದು. ಸೆಕೆ ಏರಿದಾಗ ಹೂ ಉದುರುತ್ತದೆ. ಹೂವು ಹಣ್ಣಾಗಲು ಎರಡು ತಿಂಗಳಿಗೂ ಹೆಚ್ಚು ಬೇಕು. ಆದ್ದರಿಂದ ಜುಲೈನಲ್ಲಿ ಮಡಿಗೆ ಬೀಜ ಹಾಕಿ, ಆಗಸ್ಟ್‌ನಲ್ಲಿ ನಾಟಿ ಮಾಡಿದರೆ ಫೆಬ್ರುವರಿ ಮುಗಿಯುವುದರೊಳಗೆ ಹೆಚ್ಚಿನ ಹಣ್ಣು ಕೊಡುವ ತಳಿಯನ್ನೇ ನಾನು ಮೇಲೆಂದು ಎಣಿಸುತ್ತೇನೆ. ಎರೆಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ; ಏರುಮಡಿ ಮಾಡಿಯೇ ನಾಟಿ ಮಾಡಿ. ಮಣ್ಣು ಪರೀಕ್ಷೆ, ಗೊಬ್ಬರದ ಬಗ್ಗೆ ಈ ಸೀಮೆಯ ಬನವಾಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹೋಲಿಕೆ ನ್ಯಾಯವಾಗಿರಬೇಕಾದರೆ ಎಲ್ಲ ತಳಿಗೂ ಒಂದೇ ದಿನದ ನಾಟಿ, ಒಂದೇ ಅಂತರ, ಒಂದೇ ಗೊಬ್ಬರ, ಒಂದೇ ನೀರು. ಪ್ರತಿ ತಳಿಯ ಸಾಲು ಹೊಲದ ಮೂರು ಕಡೆ ಬರಲಿ, ಏಕೆಂದರೆ ಕಾಲುವೆಯ ಬದಿಗೂ ಹೊಲದ ಮೇಲ್ತುದಿಗೂ ತೇವ ಒಂದೇ ಸಮ ಇರುವುದಿಲ್ಲ. ಅಂಚಿನ ಗಿಡಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊರಗಿನ ಹೊದಿಕೆ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿ, ಒಳಗಿನ ಹಣ್ಣು ಕಿತ್ತಳೆ ಹಳದಿಯಾದಾಗ ಕೊಯ್ಯಿರಿ. ಹಸಿರು ಕಾಯಿ ವಿಷಕಾರಿ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಪ್ರತಿ ಕೊಯ್ಲಿನಲ್ಲೂ ಲೆಕ್ಕಕ್ಕೆ ಹಿಡಿದ ಗಿಡಗಳ ಹಣ್ಣನ್ನು ಹೊದಿಕೆ ತೆಗೆದು ತೂಗಿ, ಬಿರುಕು ಬಿಟ್ಟ ಹಣ್ಣನ್ನು ಬೇರೆಯಾಗಿ ತೂಗಿ ಬರೆದಿಡಿ. ಮಣ್ಣು ಒಣಗಲು ಬಿಟ್ಟು ಒಮ್ಮೆಲೇ ನೀರು ಕಟ್ಟಿದರೆ ಬಿರುಕು ಹೆಚ್ಚುತ್ತದೆ. ಉಳಿದ ಗಿಡಗಳಿಂದ ಮಾರಾಟಕ್ಕೆ ಒಯ್ಯುವ ಹಣ್ಣಿಗೆ ಹೊದಿಕೆ ಹಾಗೇ ಇರಲಿ, ಬಾಳಿಕೆ ಬರುತ್ತದೆ.

ಗೆದ್ದ ತಳಿಯ ಬೀಜವನ್ನು ಈ ಪರೀಕ್ಷಾ ತಾಕಿನ ತೆರೆದ ಹೂಗಳ ಹಣ್ಣಿನಿಂದ ಎತ್ತಿಡಬೇಡಿ. ಜೇನು ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರಿ ತಳಿ ಬೆರಕೆಯಾಗಿರಬಹುದು. ಬೀಜಕ್ಕೆಂದು ಕೆಲವು ಮೊಗ್ಗುಗಳಿಗೆ ಅರಳುವ ಮುಂಚೆಯೇ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ದಾರದ ಗುರುತು ಹಾಕಿಡಿ.